ಮಾಷ್ಟ್ರ ಎಡಗಡೆ

ನನ್ನ ಪ್ಯಾಂಟು ಒಗೆಯುವ ಮೊದಲು ಕಿಸೆ ತಡಕುವುದು ಅಮ್ಮನ ಹಳೆಯ ಅಭ್ಯಾಸ. ಇಷ್ಟು ದೊಡ್ಡ ಮಗನ ಕಿಸೆಯಲ್ಲಿ ಒಂದು ಹುಡುಗಿಯ ಫೋಟೋವಾದರೂ ಸಿಗಲಿ ಎಂಬ ಆಸೆ ಇರಬಹುದೆಂದು ನನ್ನ ಗುಮಾನಿ. ಪಾಪ, ಸಿಗುವುದು ಬಸ್ಸಿನ ಟಿಕೆಟು, ಕರಗಿದ ಚಾಕಲೇಟು, ಒಮ್ಮೆ ಒಂದು ಕೆಂಬೂತದ ಗರಿ. ಮೊನ್ನೆ ಸಿಕ್ಕಿದ್ದು ಒಂಟಿ ಇಯರ್‌ಬಡ್.

“ಇದರ ಜೋಡಿ ಎಲ್ಲಿ ಬಿಸಾಡಿ ಬಂದಿ?”

“ಬಿಸಾಡ್ಲಿಲ್ಲ. ಅಜೆಕಾರಿನಲ್ಲಿ ಉಂಟು.”

“ಒಂದು ಕಿವಿ ಉದ್ಯಾವರದಲ್ಲಿ, ಒಂದು ಕಿವಿ ಅಜೆಕಾರಿನಲ್ಲಿ! ನಿನ್ನ ತಲೆ ಎಲ್ಲಿ ಉಂಟು ಮಾರಾಯ?”

ಬೇರೆ ದಿನವಾಗಿದ್ದರೆ ಅಮ್ಮನ ಮಾತನ್ನು ಅಮ್ಮನ ಸ್ವರದಲ್ಲೇ ಹಿಂದಕ್ಕೆ ಕೊಡುತ್ತಿದ್ದೆ, ಅವಳು ಬಟ್ಟೆ ತಿಕ್ಕುವ ಬ್ರಶ್ಶು ಎಸೆಯುತ್ತಿದ್ದಳು, ಅಲ್ಲಿಗೆ ಮಂಗಳ. ಮೊನ್ನೆ ಸ್ವರ ಏಳಲಿಲ್ಲ. ಬಡ್ಡನ್ನು ಅಂಗೈಯಲ್ಲಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅದು ಎಡಗಿವಿಯದ್ದು. ಬಲಗಿವಿಯದ್ದು ಐವನ್ ಮಾಷ್ಟ್ರ ಹತ್ತಿರ ಇದೆ. ಇಯರ್‌ಬಡ್ಡಿನ ಹೊಸ ಪೆಟ್ಟಿಗೆ ಬಿಚ್ಚಿದ ಕೂಡಲೇ ಅವರು ಎಡಗಡೆಯದ್ದನ್ನು ತೆಗೆದು ನನ್ನ ಕೈಗೆ ಹಾಕಿದ್ದರು. “ಇಟ್ಕೋ. ನಂಗೆ ಇದು ಇನ್ನು ಹಲ್ಲಿಲ್ಲದವನ ಕೈಯಲ್ಲಿ ಕಬ್ಬು” ಎಂದಿದ್ದರು.

ಮಾಷ್ಟ್ರ ಕಿವಿಯ ಕತೆಗೆ ಹೋಗುವ ಮೊದಲು ನನ್ನ ಗಂಟಲಿನ ಕತೆ ಸ್ವಲ್ಪ ಹೇಳಬೇಕು. ನನ್ನ ಬಗ್ಗೆ ಹೇಳಿಕೊಳ್ಳುವುದೆಂದರೆ ನನಗೆ ಬಹಳ ಇಷ್ಟ, ನೀವು ಸಹಿಸಿಕೊಳ್ಳಬೇಕು. ಉಡುಪಿಯ ಒಂದು ಮೊಬೈಲ್ ಅಂಗಡಿಯಲ್ಲಿ ನನಗೆ ಕೆಲಸ. ಅದು ಹೊಟ್ಟೆಗೆ. ಉಳಿದಂತೆ ನಾನು ಮಿಮಿಕ್ರಿಯವನು. ಶಾಲೆಯಲ್ಲಿದ್ದಾಗ ಹೆಡ್‌ಮಾಷ್ಟ್ರ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆ ಎಂದರೆ, ಒಮ್ಮೆ ಜಗಲಿಯಲ್ಲಿ ಕೆಮ್ಮಿದಾಗ ಕ್ಲಾಸೆಲ್ಲ ಎದ್ದು ನಿಂತಿತು, ಸ್ವತಃ ಹೆಡ್‌ಮಾಷ್ಟ್ರು ಆಫೀಸಿನಿಂದ ಹೊರಗೆ ಬಂದು ಯಾರು ಬಂದದ್ದೆಂದು ಇಣುಕಿ ನೋಡಿದರು. ಕಾರ್ಕಳದ ಬಸ್ಸಿನ ಕಂಡಕ್ಟರ್, ಮೀನು ಮಾರುವ ಅಕ್ಕ, ಅಂಗಡಿಯ ಧಣಿ, ಯಾರನ್ನೂ ಬಿಟ್ಟವನಲ್ಲ. ನಿನ್ನ ಸ್ವಂತ ಸ್ವರ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಮನುಷ್ಯರ ಸ್ವರ ಮುಗಿದ ಮೇಲೆ ಹಕ್ಕಿಗಳಿಗೆ ಕೈಹಾಕಿದೆ. ಹಾಗೆ ನಾನು ಭಾನುವಾರದ ಹಕ್ಕಿ ನೋಡುವ ಗುಂಪಿಗೆ ಸೇರಿದ್ದು. ಗುಂಪೆಂದರೆ ದೊಡ್ಡ ಸೈನ್ಯವೇನಲ್ಲ, ನಾವು ನಾಲ್ಕೇ ಜನ. ಮಣಿಪಾಲದಲ್ಲಿ ಗಣಿತ ಕಲಿಸುವ, ಮೈಸೂರು ಕಡೆಯ ಶೈಲಾ ಮೇಡಂ. ಕಾಪುವಿನ ಸದಾಣ್ಣ, ಕುವೈಟಿನಿಂದ ವಾಪಸು ಬರುವಾಗ ಎಲ್ಲರೂ ಚಿನ್ನ ತಂದರೆ ಇವರು ಒಂದು ಕ್ಯಾಮೆರಾ ತಂದರು, ಅದರ ಲೆನ್ಸು ಹೆಗಲ ಮೇಲಿಟ್ಟರೆ ಫಿರಂಗಿಯ ಹಾಗೆ ಕಾಣುತ್ತದೆ. ಮತ್ತೆ ಐವನ್ ಮಾಷ್ಟ್ರು. ಅಜೆಕಾರಿನವರು, ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು, ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ.

ಮೇಡಂ ಹತ್ತಿರ ಪುಸ್ತಕ ಇತ್ತು, ಸದಾಣ್ಣನ ಹತ್ತಿರ ಫಿರಂಗಿ ಇತ್ತು. ಕಿವಿ ಇದ್ದದ್ದು ಮಾಷ್ಟ್ರಿಗೆ. ನಂದಿಕೂರಿನ ಗದ್ದೆಯ ಬದುವಿನ ಮೇಲೆ ನಾವೆಲ್ಲ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತಾ ಹರಟುತ್ತಿದ್ದರೆ ಅವರು ಥಟ್ಟನೆ ಕೈ ಎತ್ತುವರು. ನಮ್ಮ ಬಾಯಿ ಬಂದ್. “ಆ ಮಾವಿನ ಮರ. ಎಡಗಡೆಯ ಒಣಕೊಂಬೆ, ಅದರ ಹಿಂದೆ” ಎಂದು ಬೆರಳು ತೋರಿಸಿ, ನಂತರ ಕೇಳುವರು: “ತೋಜುಂಡಾ?” ತುಳುವಿನಲ್ಲಿ ಹಾಗೆಂದರೆ ‘ಕಾಣ್ತದಾ?’ ಎಂದು. ಕಂಡರೆ ‘ತೋಜುಂಡು’ ಎನ್ನಬೇಕು, ಕಾಣದಿದ್ದರೆ ‘ತೋಜುಜಿ’. ಶೈಲಾ ಮೇಡಂ ಕಲಿತ ಮೊದಲ ತುಳು ಇದೇ ಎರಡು ಶಬ್ದ. ಗುಂಪಿನ ಕಾನೂನು ಇಷ್ಟೇ: ಕಾಣದ ಹಕ್ಕಿಗೆ ತೋಜುಂಡು ಅನ್ನಬಾರದು. ಒಮ್ಮೆ ಕಾಪುವಿನ ಲೈಟ್‌ಹೌಸಿನ ಹಿಂದೆ ಒಂದು ಅಪರೂಪದ ಕಡಲಹಕ್ಕಿ ಬಂದಿತ್ತು. ಎಲ್ಲರೂ ಕಂಡರು, ಮೇಡಂಗೆ ಮಾತ್ರ ಕಾಣಲಿಲ್ಲ. ಹಕ್ಕಿ ಹಾರಿಹೋಗುವವರೆಗೂ ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು “ತೋಜುಜಿ, ತೋಜುಜಿ” ಎನ್ನುತ್ತಲೇ ಇದ್ದರು. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು, ಹೇಳಲಿಲ್ಲ.

ನನ್ನ ಆಸೆ ಒಂದೇ ಆಗಿತ್ತು, ಮಾಷ್ಟ್ರನ್ನು ಏಮಾರಿಸುವುದು. ಪೊದೆಯ ಹಿಂದೆ ಕೂತು ಕುಟ್ರುಹಕ್ಕಿ ಕೂಗುತ್ತಿದ್ದೆ. ಸದಾಣ್ಣ ಫಿರಂಗಿ ತಿರುಗಿಸುವರು, ಮೇಡಂ ಪುಸ್ತಕ ತೆರೆಯುವರು. ಮಾಷ್ಟ್ರು ಮಾತ್ರ ಹಿಂದೆ ನೋಡದೆಯೇ ಚಪ್ಪಲಿ ಕಳಚಿ ಸರಿಯಾಗಿ ನಾನು ಕೂತ ಪೊದೆಗೆ ಎಸೆಯುವರು. “ನಿನ್ನ ಕುಟ್ರುವಿನ ಸ್ವರ ಚಂದ ಉಂಟು. ಆದ್ರೆ ಕುಟ್ರು ಮರದ ತುದಿಯಲ್ಲಿ ಕೂರುದು ಮಾರಾಯ, ಮನುಷ್ಯನ ಬಾಯಿಯ ಎತ್ತರದಲ್ಲಿ ಅಲ್ಲ.” ಸ್ವರವನ್ನು ನಾನು ಕದಿಯಬಲ್ಲೆ, ಜಾಗವನ್ನು ಕದಿಯಲಾರೆ. ಅವರು ಹಿಡಿಯುತ್ತಿದ್ದದ್ದು ಜಾಗವನ್ನು.

ಮಳೆಗಾಲದ ಕೊನೆಯ ಒಂದು ಭಾನುವಾರ ನಾವು ಮೂವರು ಅದೇ ನಂದಿಕೂರಿನ ಬದುವಿನ ಮೇಲೆ ಮಾಷ್ಟ್ರಿಗಾಗಿ ಕಾಯುತ್ತಿದ್ದೆವು. ಅವರು ಬರುವುದು ಯಾವಾಗಲೂ ತಡ. ಬೇಜಾರು ಕಳೆಯಲು ನಾನು ‘ತಡವಾಗಿ ಬಂದ ಮಾಷ್ಟ್ರು’ ಎಂಬ ಐಟಂ ಮಾಡಿ ತೋರಿಸಿದೆ. ಅವರ ಹಳೆಯ ಬೈಕಿನ ಗೊರಗೊರ, ಹೆಲ್ಮೆಟ್ ತೆಗೆಯುವಾಗಿನ ಉಸ್ಸಪ್ಪ, “ಎಂತ ಮಾಡುದು ಮಾರಾಯ್ರೇ, ದಾರಿಯಲ್ಲಿ ಒಂದು ಗಿಡುಗ ಸಿಕ್ಕಿತು” ಎಂಬ ಮಾಮೂಲು ನೆಪ. ಸದಾಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಅವರ ಫೋನು ಬಡಿಯಿತು. ಮಾಷ್ಟ್ರ ನಂಬರು. “ನೋಡಿ, ಗಿಡುಗ ಸಿಕ್ಕಿತಂತೆ” ಎಂದು ನಾನು ಹೇಳಿದೆ. ಮಾತಾಡಿದ್ದು ಒಬ್ಬ ರಿಕ್ಷಾದವನು. ತಿರುವಿನಲ್ಲಿ ಮಳೆ ಹರವಿದ ಜಲ್ಲಿಯ ಮೇಲೆ ಬೈಕು ಜಾರಿತ್ತು. ಹೆಲ್ಮೆಟ್ ಇತ್ತು, ಆದ್ದರಿಂದ ಮಾಷ್ಟ್ರು ಇದ್ದಾರೆ. ಆ ಐಟಂ ನಾನು ಮತ್ತೆ ಮಾಡಿಲ್ಲ.

ಮಣಿಪಾಲದ ಆಸ್ಪತ್ರೆಯ ದಿನಗಳಲ್ಲಿ ನಮ್ಮ ಗುಂಪಿನ ವಾಟ್ಸಾಪಿನಲ್ಲಿ ಹಕ್ಕಿಯ ಫೋಟೋಗಳು ನಿಂತವು. ಇವತ್ತು ಯಾರು ಕೂರುವುದು, ಗಂಜಿ ಯಾರು ತರುವುದು, ಲವೀನಕ್ಕನನ್ನು ಮನೆಗೆ ಕಳಿಸಿ ಸ್ವಲ್ಪ ಮಲಗಿಸುವುದು ಯಾರು, ಇದೇ ಮಾತು. ಲವೀನಕ್ಕ ಮಾಷ್ಟ್ರ ಹೆಂಡತಿ. ಅವರನ್ನು ಮಲಗಿಸುವುದು ಗಂಡನ ಎಲುಬು ಕೂಡಿಸುವುದಕ್ಕಿಂತ ಕಷ್ಟವಾಗಿತ್ತು. ಮೇಡಂ ಫ್ಲಾಸ್ಕಿನಲ್ಲಿ ಗಂಜಿ ತರುತ್ತಿದ್ದರು. ಗಣಿತದವರ ಗಂಜಿ, ಉಪ್ಪು ಒಂದು ಹರಳೂ ಹೆಚ್ಚಿಲ್ಲ, ರುಚಿಯೂ ಇಲ್ಲ. ಸದಾಣ್ಣನ ಕಾರು ಅಜೆಕಾರು–ಮಣಿಪಾಲ ರೂಟಿನ ಬಸ್ಸೇ ಆಗಿಹೋಯಿತು. ನನಗೆ ಸಿಕ್ಕಿದ್ದು ಮನರಂಜನಾ ಖಾತೆ. ಲಿಫ್ಟಿನಲ್ಲಿ ಮಾತಾಡುವ ಹೆಂಗಸು, ವಾರ್ಡಿನ ಸಿಸ್ಟರು, “ಪೇನ್ ಉಂಟಾ?” ಎಂದು ಕೇಳಿ ಉತ್ತರ ಬರುವ ಮೊದಲೇ ಮುಂದಿನ ಮಂಚಕ್ಕೆ ಹೋಗುವ ಡಾಕ್ಟರು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಮಾಷ್ಟ್ರ ಪಕ್ಕೆಲುಬು ಬಿರುಕು ಬಿಟ್ಟಿತ್ತು, ನಕ್ಕರೆ ಜೀವ ಹೋಗುತ್ತಿತ್ತು.

“ನಿಲ್ಲಿಸು ಪೋಕ್ರಿ!” ಎಂದು ಲವೀನಕ್ಕ ಗದರುವರು. “ಎಲುಬು ಕೂಡಿಸ್ಲಿಕ್ಕೆ ಡಾಕ್ಟರು, ಒಡೀಲಿಕ್ಕೆ ನೀನಾ?”

ಒಂದು ದಿನ ಮಂಚದ ಎಡಬದಿಗೆ ನಿಂತು ಹೊಸ ಜೋಕು ಹೇಳಿದೆ. ಮಾಷ್ಟ್ರು ನಗಲಿಲ್ಲ. ಜೋಕು ಸಪ್ಪೆಯಾಯಿತೇನೋ ಎಂದು ಕಂಡಕ್ಟರನ ಸ್ವರದಲ್ಲಿ ಮತ್ತೆ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಮೀನಿನ ಅಕ್ಕನ ಸ್ವರ ತೆಗೆಯುವಷ್ಟರಲ್ಲಿ ಲವೀನಕ್ಕ ನನ್ನ ತೋಳು ಹಿಡಿದು, ಮಂಚ ಸುತ್ತಿಸಿ ಬಲಬದಿಗೆ ತಂದು ನಿಲ್ಲಿಸಿದರು. ಮಾಷ್ಟ್ರು ನನ್ನನ್ನು ಕಂಡು, “ನೀನು ಯಾವಾಗ ಬಂದದ್ದು?” ಎಂದರು.

ಕಿವಿಯೊಳಗಿನ ಎಲುಬು ಒಡೆದು ಎಡಗಡೆಯ ನರ ಸತ್ತಿತ್ತು. ಕಾಲು ಕೂಡುತ್ತದೆ, ಹೆಗಲು ಕೂಡುತ್ತದೆ, ಇದು ಮಾತ್ರ ಇನ್ನಿಲ್ಲ ಎಂದರು ಡಾಕ್ಟರು. ನೋಡಲು ಬಂದವರೆಲ್ಲ “ಜೀವ ಉಳಿಯಿತಲ್ಲ, ಒಂದು ಕಿವಿ ಸಾಕು” ಎಂದು ಹೇಳಿ ಮುಸುಂಬಿ ಇಟ್ಟು ಹೋದರು. ನಾನೂ ಹಾಗೆಯೇ ಎಣಿಸಿದ್ದೆ. ದೇವರು ಎರಡು ಕಿವಿ ಕೊಟ್ಟದ್ದು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಲಿಕ್ಕೆ ಎಂದೇ ನಾನು ಬದುಕಿದವನು. ಎರಡೂ ಕಿವಿ ಸೇರಿದರೆ ಮಾತ್ರ ಸದ್ದು ಎಲ್ಲಿಂದ ಬಂತೆಂದು ಗೊತ್ತಾಗುವುದು ಎಂಬ ವಿಜ್ಞಾನ ನನಗೆ ತಿಳಿದಿರಲಿಲ್ಲ. ವಿಜ್ಞಾನದ ಮಾಷ್ಟ್ರಿಗೆ ತಿಳಿದಿತ್ತು. ಅವರು ಡಾಕ್ಟರಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮನೆಮನೆಗಳಲ್ಲಿ ಕ್ರಿಸ್ಮಸ್ ನಕ್ಷತ್ರ ತೂಗುವ ಹೊತ್ತಿಗೆ ಅವರು ಕೋಲು ಹಿಡಿದು ನಡೆಯತೊಡಗಿದರು. ರಜೆ ಮುಗಿದ ಮೇಲೆ ಶಾಲೆಗೂ ಹೋದರು. ಒಂದು ಭಾನುವಾರ ನಾವು ಅವರನ್ನು ಮಣಿಪಾಲದ ಕೆರೆಗೆ ಕರೆದುಕೊಂಡು ಹೋದೆವು, ಅಲ್ಲಿ ದಾರಿ ಸಪಾಟು ಎಂದು. ಹೊರಟ ಮೇಲೆ ನೋಡುತ್ತೇನೆ, ಮಾತು ಕೇಳಿಸಬೇಕಲ್ಲ ಎಂದು ಮೇಡಂ ಮತ್ತು ಸದಾಣ್ಣ ಇಬ್ಬರೂ ಅವರ ಬಲಗಡೆಗೆ ಒತ್ತಿಕೊಂಡಿದ್ದಾರೆ. ಎಡಗಡೆ ಅಷ್ಟಗಲ ದಾರಿ ಖಾಲಿ. ಯಾರೋ ಬರಬೇಕಾದವರಿಗೆ ಬಿಟ್ಟ ಜಾಗದ ಹಾಗೆ. ನಾನು ಹಿಂದಿದ್ದೆ.

ಆ ಬೆಳಿಗ್ಗೆ ಹಕ್ಕಿಗಳೂ ಮುನಿಸಿಕೊಂಡಿದ್ದವು. ಒಂದು ಕೂಗಿಲ್ಲ. ಯಾರಿಗೂ ಏನು ಮಾತಾಡಬೇಕೆಂದು ತಿಳಿಯದೆ, ಮೇಡಂ ಹವಾಮಾನದ ಬಗ್ಗೆ ಹೇಳತೊಡಗಿದ್ದರು. ನನ್ನ ಬಾಯಿ ನಿಮಗೆ ಗೊತ್ತಲ್ಲ, ಮೌನ ಕಂಡರೆ ಅದಕ್ಕೆ ತುರಿಕೆ. ಹೊನ್ನಕ್ಕಿಯ ಹಾಗೆ ಒಂದು ಸಿಳ್ಳೆ ಹಾಕಿದೆ. ಇನ್ನೇನು ಚಪ್ಪಲಿ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ.

ಮಾಷ್ಟ್ರು ಥಟ್ಟನೆ ಕೈ ಎತ್ತಿದರು. ಮುಖದಲ್ಲಿ ಆಕ್ಸಿಡೆಂಟಿನ ಮೊದಲಿನ ಆ ಕಳೆ ಬಂದಿತ್ತು. ಬೆರಳು ನೇರ ಬಲಗಡೆಗೆ, ಕೆರೆಯ ಅಂಚಿನ ಗೋಳಿಮರಕ್ಕೆ ಹೋಯಿತು. “ಹೊನ್ನಕ್ಕಿ. ಆ ಬಗ್ಗಿದ ಕೊಂಬೆ. ತೋಜುಂಡಾ?”

ಗೋಳಿಮರ ಖಾಲಿ ಇತ್ತು. ಸದಾಣ್ಣ ನನ್ನನ್ನು ನೋಡಿದರು, ಮೇಡಂ ಸದಾಣ್ಣನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಸದಾಣ್ಣ ಫಿರಂಗಿ ಎತ್ತಿ ಗೋಳಿಮರಕ್ಕೆ ಗುರಿಯಿಟ್ಟು ಕೂಗಿದರು: “ತೋಜುಂಡು ಮಾಷ್ಟ್ರೇ!”

ಮಾಷ್ಟ್ರು ಮೇಡಂ ಕಡೆ ತಿರುಗಿದರು. ಅಪರೂಪದ ಕಡಲಹಕ್ಕಿಗೂ ಸುಳ್ಳು ಹೇಳದ ಆ ಹೆಂಗಸು ದುರ್ಬೀನು ಕಣ್ಣಿಗೊತ್ತಿಕೊಂಡು, “ಹ್ಞಾಂ, ತೋಜುಂಡು” ಎಂದರು.

“ಗಂಡಾ, ಹೆಣ್ಣಾ?” ಮಾಷ್ಟ್ರ ಸ್ವರದಲ್ಲಿ ಎಷ್ಟೋ ತಿಂಗಳ ನಂತರದ ಉಮೇದು.

“ಗಂಡು” ಎಂದರು ಸದಾಣ್ಣ. “ಹೆಣ್ಣು” ಎಂದರು ಮೇಡಂ. ಎರಡೂ ಒಟ್ಟಿಗೇ.

“ಅಂದ್ರೆ, ಜೋಡಿ ಉಂಟು” ಎಂದು ಸದಾಣ್ಣ ತೇಪೆ ಹಾಕಿದರು.

“ಎಂತ ಮಾಡ್ತಾ ಉಂಟು?”

“ಹಣ್ಣು ತಿಂತಾ ಉಂಟು.” “ನಿದ್ದೆ ಮಾಡ್ತಾ ಇದೆ.”

ಹಿಂದೆ ನಿಂತು ನಾನು ನನ್ನದೇ ವರ್ಣನೆ ಕೇಳುತ್ತಿದ್ದೆ. ನಾನು ಗಂಡೂ ಹೌದು, ಹೆಣ್ಣೂ ಹೌದು. ನಿದ್ದೆಯಲ್ಲೇ ಹಣ್ಣು ತಿನ್ನುತ್ತೇನೆ. ಮೇಲಾಗಿ ನನಗೊಂದು ಜೋಡಿ ಇದೆ. ಅಮ್ಮನಿಗೆ ಹೇಳಿದ್ದರೆ ಸಂತೋಷಪಡುತ್ತಿದ್ದಳು. ಬೇರೆ ಯಾವತ್ತಾದರೂ ಆಗಿದ್ದರೆ ಆ ಇಬ್ಬರ ಆಟವನ್ನು ನಾನು ವರ್ಷವಿಡೀ ಮಾಡಿ ತೋರಿಸಿ ಜನರನ್ನು ನಗಿಸುತ್ತಿದ್ದೆ. ಇಷ್ಟು ಕಾಲ ಮಾಷ್ಟ್ರನ್ನು ಏಮಾರಿಸಬೇಕೆಂದು ಹೆಣಗಿದವನು ನಾನು. ಈಗ ಒಂದು ಸಿಳ್ಳೆಗೇ ಗೆದ್ದಿದ್ದೆ. ಇಂಥ ಗೆಲುವು ಶತ್ರುವಿಗೂ ಬೇಡ.

“ಫೋಟೋ ತೆಗೆದ್ರಲ್ಲ, ತೋರಿಸಿ ಸದಾನಂದರೇ” ಎಂದರು ಮಾಷ್ಟ್ರು.

ಸದಾಣ್ಣನ ಮುಖ ಬಿಳಚಿತು. “ಅದು... ಕಾರ್ಡು ಫುಲ್ ಆಗಿದೆ ಕಾಣ್ತದೆ.”

ಮಾಷ್ಟ್ರು ಗೋಳಿಮರಕ್ಕೆ ಹಿಡಿದಿದ್ದ ದುರ್ಬೀನು ಇಳಿಸಿದರು. ಸದಾಣ್ಣನ ಮುಖ ನೋಡಿದರು, ಮೇಡಂ ಮುಖ ನೋಡಿದರು. ಆಮೇಲೆ ಕೋಲೂರಿ, ನಿಧಾನಕ್ಕೆ, ಸುತ್ತು ಹಾಕಿ ನನ್ನ ಕಡೆ ತಿರುಗಿದರು.

“ನೀನಾ?”

ಇಷ್ಟೆಲ್ಲ ಸ್ವರಗಳ ಧಣಿ ನಾನು, ಒಂದೂ ಹೊರಗೆ ಬರಲಿಲ್ಲ. ತಲೆಯಾಡಿಸಿದೆ.

“ಬಿಸಿಲು ಏರಿತು” ಎಂದರು ಮಾಷ್ಟ್ರು. “ಹೋಗುವ.”

ಅವತ್ತು ಸಂಜೆ ಫೋನು ಅಚ್ಚಗನ್ನಡದಲ್ಲಿ ತಿಳಿಸಿತು: ಐವನ್ ಗುಂಪನ್ನು ತೊರೆದಿದ್ದಾರೆ.

ಮೇಡಂ ಮತ್ತು ಸದಾಣ್ಣ ಕೇಕು ಹಿಡಿದುಕೊಂಡು ಅಜೆಕಾರಿಗೆ ಹೋಗಿ ಬಂದರು. ಮಾಷ್ಟ್ರು ಚೆನ್ನಾಗಿಯೇ ಮಾತಾಡಿದರಂತೆ. ಕ್ರಿಕೆಟ್ಟು, ಸೆಕೆ, ಭತ್ತದ ಗದ್ದೆಗೆ ಬರುವ ಹಂದಿ. ಹಕ್ಕಿಯ ಒಂದು ಶಬ್ದವಿಲ್ಲ. “ಅಷ್ಟು ಮರ್ಯಾದೆಯಿಂದ ಅವರು ನನ್ನ ಹತ್ರ ಯಾವತ್ತೂ ಮಾತಾಡಿರಲಿಲ್ಲ” ಎಂದು ಹೇಳುವಾಗ ಮೇಡಂ ಸ್ವರ ಒಡೆಯಿತು. ಸದಾಣ್ಣ, ಕುವೈಟಿನ ಬಿಸಿಲು ತಿಂದ ಗಟ್ಟಿ ಮನುಷ್ಯ, ಲೆನ್ಸನ್ನು ಒರೆಸುತ್ತಲೇ ಇದ್ದರು. ಅದರಲ್ಲಿ ಧೂಳೇ ಇರಲಿಲ್ಲ.

ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸದ ದಿನಗಳಲ್ಲಿ ಲವೀನಕ್ಕನ ಫೋನು ಬಂತು. “ಶಾಲೆಯಲ್ಲಿ ಎಡಗಡೆಯ ಮಕ್ಕಳು ಗಲಾಟೆ ಮಾಡಿದ್ರೆ ಇವರು ಬಲಗಡೆಯವನನ್ನು ನಿಲ್ಲಿಸ್ತಾರಂತೆ. ಮಕ್ಕಳಿಗೆ ಗೊತ್ತಾಗಿ ಅದೇ ಆಟ ಆಗಿದೆ. ಮನೆಗೆ ಬಂದು ಮಾತಾಡುದೇ ಇಲ್ಲ. ಬಾ ಮಾರಾಯ ಒಮ್ಮೆ. ನಗಿಸ್ಲಿಕ್ಕೆ ಅಲ್ಲ. ಸುಮ್ನೆ ಬಾ.”

ಹೋದೆ. ಮಾಷ್ಟ್ರು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಪಕ್ಕದ ಕಟ್ಟೆಯ ಮೇಲೆ ಕೂತು ಮಾತು ತೆಗೆದೆ, ಉತ್ತರವಿಲ್ಲ. ಎಡಗಡೆ ಕೂತಿದ್ದೇನೆಂದು ಹೊಳೆದು ಎದ್ದು ಬಲಗಡೆಗೆ ಬಂದೆ.

“ನಿನ್ನ ಮೇಲೆ ನಂಗೆ ಕೋಪ ಇಲ್ಲ” ಎಂದರು ಅವರಾಗಿಯೇ. “ನೀನು ಕೂಗುವವ, ಕೂಗಿದಿ. ಮಕ್ಕಳೂ ಮೋಸ ಮಾಡ್ತಾರೆ, ಅದು ಮಕ್ಕಳ ಹಕ್ಕು. ಆದ್ರೆ ಅವರಿಬ್ರು ತೋಜುಂಡು ಹೇಳಿದ್ರಲ್ಲ?”

“ಮಾಷ್ಟ್ರೇ, ಅವರು ಪ್ರೀತಿಯಿಂದ—”

“ಗೊತ್ತುಂಟು. ಅದೇ ತೊಂದರೆ. ಎಲ್ಲಿ ಅಂತ ನಂಗೆ ಕೇಳುದಿಲ್ಲ, ಸರಿ. ನಿಮ್ಮನ್ನು ಕೇಳಿ ತಿಳ್ಕೊಳ್ಳುವ ಅಂತ ಇದ್ದೆ. ಇನ್ನು ನೀವು ಉಂಟು ಹೇಳಿದ್ರೆ ಉಂಟೋ, ಪಾಪ ಅಂತ ಹೇಳಿದ್ದೋ, ಯಾರ ಹತ್ರ ಕೇಳುದು?”

ಕೋಳಿಗಳು ಅಂಗಳ ಕೆದಕುತ್ತಿದ್ದವು. ಅವುಗಳನ್ನೇ ನೋಡುತ್ತಾ ಮಾಷ್ಟ್ರು, ತಲೆಯನ್ನು ಆಚೀಚೆ ತಿರುಗಿಸಿ ಕೇಳಿ ಕೇಳಿ ಅಭ್ಯಾಸ ಮಾಡಿದರೆ ಕೆಲವರಿಗೆ ಒಂದೇ ಕಿವಿಯಲ್ಲಿ ದಿಕ್ಕು ಸ್ವಲ್ಪ ಹತ್ತುತ್ತದೆ ಎಂದು ಎಲ್ಲೋ ಓದಿದ್ದೇನೆ ಎಂದರು. ಹತ್ತುತ್ತದೆ ಎಂಬ ಗ್ಯಾರಂಟಿ ಇಲ್ಲ. “ನೀನು ಕೂಗು, ನಾನು ತೋರಿಸ್ತೇನೆ. ತಪ್ಪಾದ್ರೆ ತಪ್ಪು ಅನ್ಬೇಕು. ಆಗ್ತದಾ ನಿನ್ನಿಂದ?”

ಹಾಗೆ ಶುರುವಾದದ್ದು. ಈಗ ಭಾನುವಾರ ನಾವು ಕಾಪುವಿಗೂ ಹೋಗುವುದಿಲ್ಲ, ನಂದಿಕೂರಿಗೂ ಇಲ್ಲ. ಅಲ್ಲಿನ ಹಕ್ಕಿಗಳಿಗೆ ವಿಶ್ರಾಂತಿ. ಎಲ್ಲರೂ ಅಜೆಕಾರಿಗೆ. ಮಾಷ್ಟ್ರು ಲವೀನಕ್ಕನ ಶಾಲನ್ನು ಕಣ್ಣಿಗೆ ಕಟ್ಟಿಕೊಂಡು ಅಂಗಳದ ನಡುವೆ ನಿಲ್ಲುತ್ತಾರೆ. ನಾನು ಚಪ್ಪಲಿ ಬಿಟ್ಟು, ಕಳ್ಳಹೆಜ್ಜೆಯಲ್ಲಿ ಬಾವಿಕಟ್ಟೆಗೋ ಕೋಳಿಗೂಡಿನ ಹಿಂದಕ್ಕೋ ಹೋಗಿ ಕೂಗುತ್ತೇನೆ. ಅವರ ಮುಖ ಟೇಬಲ್ ಫ್ಯಾನಿನ ಹಾಗೆ ಆಚೀಚೆ ತಿರುಗುತ್ತದೆ, ಬೆರಳು ಏಳುತ್ತದೆ. ಬಹುತೇಕ ತಪ್ಪು. ಮೇಡಂ ಮತ್ತು ಸದಾಣ್ಣ ಮೆಟ್ಟಿಲ ಮೇಲೆ ಕೂರಬಹುದು, ಆದರೆ ಬಾಯಿ ತೆರೆಯುವ ಹಾಗಿಲ್ಲ, ಮಾಷ್ಟ್ರ ಕಟ್ಟುನಿಟ್ಟು. ಬೇಲಿಯಾಚೆ ಹೋಗುವವರು, ಕಣ್ಣು ಕಟ್ಟಿಕೊಂಡ ಮಾಷ್ಟ್ರನ್ನೂ ಕೋಳಿಗೂಡಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತ ಮೀಸೆಯ ಗಂಡಸನ್ನೂ ಕಂಡು ಹೆಜ್ಜೆ ನಿಧಾನಿಸುತ್ತಾರೆ. “ಎಂತ ಇಲ್ಲ, ಟ್ಯೂಷನ್” ಎನ್ನುತ್ತಾರೆ ಲವೀನಕ್ಕ. ಲೋಕದ ಸ್ವರವನ್ನೆಲ್ಲ ಅನುಕರಿಸಿದ ನನಗೆ ‘ತಪ್ಪು’ ಎಂಬ ಎರಡಕ್ಷರ ಹೇಳುವಾಗ ಪ್ರತಿಸಲ ನಾಲಿಗೆ ಒಣಗುತ್ತದೆ. ಬೇರೆ ಯಾರದಾದರೂ ಸ್ವರದಲ್ಲಿ ಹೇಳಿದರೆ ಸುಲಭವಾಗುತ್ತಿತ್ತು. ಹಾಗೆ ಹೇಳಬಾರದೆಂದು ನನಗೆ ನಾನೇ ಕಾನೂನು ಮಾಡಿಕೊಂಡಿದ್ದೇನೆ.

ಕಳೆದ ವಾರ ಅವರ ಎಡಗಡೆಗೆ, ಹಲಸಿನ ಮರದ ಬುಡದಲ್ಲಿ ನಿಂತು ಕುಟ್ರು ಕೂಗಿದೆ. ಮಾಷ್ಟ್ರ ಬೆರಳು ಮೊದಲು ಬಾವಿಯ ಕಡೆ ಹೋಯಿತು. ಅಲ್ಲಿ ನಿಂತಿತು. ಅನುಮಾನಿಸುತ್ತಾ ವಾಪಸು ಬಂತು, ಗೇಟು ದಾಟಿತು, ಬಂದು ನೇರ ನನ್ನ ಎದೆಗೆ ನಿಂತಿತು.

“ಇಲ್ಲಿ.”

“ಸರಿ” ಎಂದೆ.

ಅವರು ಬೆರಳು ಇಳಿಸಲಿಲ್ಲ. “ಸತ್ಯವಾ?”

“ಸತ್ಯ ಮಾಷ್ಟ್ರೇ. ಶಾಲು ತೆಗೆದು ನೋಡಿ ಬೇಕಾದ್ರೆ.”

“ತೆಗೆಯುವಷ್ಟರಲ್ಲಿ ನೀನು ಓಡಿ ಬಂದು ಬೆರಳಿನ ಎದುರು ನಿಂತ್ರೆ?”

ಮೆಟ್ಟಿಲ ಮೇಲೆ ಮೇಡಂ ಎದ್ದು ನಿಂತರು. ಅವರ ತುಟಿ ಅಲುಗಿತು, ಸದಾಣ್ಣ ಸೆರಗು ಹಿಡಿದು ಜಗ್ಗಿ ಕೂರಿಸಿದರು. ಹೌದೆಂದು ನಾವು ಮೂವರೂ ಆಣೆ ಹಾಕಿದರೂ ಅದಕ್ಕೆ ಅವರ ಹತ್ತಿರ ಬೆಲೆಯಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮಾಷ್ಟ್ರು ತಲೆ ಓರೆ ಮಾಡಿ ಯೋಚಿಸಿದರು. “ನೀನು ಹಲಸಿನ ಅಡಿಯಲ್ಲಿ ಇದ್ರೆ ಕಾಲ ಕೆಳಗೆ ತರಗೆಲೆ ಇರ್ಬೇಕು. ಕದಲಬೇಡ. ಕದಲಿದ್ರೆ ಸದ್ದು ನಂಗೆ ಕೇಳ್ತದೆ. ಎಲ್ಲಿ ಅಂತ ಗೊತ್ತಾಗ್ಲಿಕ್ಕಿಲ್ಲ, ಆದ್ರೆ ಕೇಳ್ತದೆ.”

ನಾನು ನಿಂತೆ. ಒಂದು ಕಾಲಿನ ಹಿಮ್ಮಡಿ ಅರ್ಧ ಎತ್ತಿದ್ದೆ, ಅದನ್ನು ಇಳಿಸುವ ಹಾಗೂ ಇರಲಿಲ್ಲ. ಮಾಷ್ಟ್ರು ಒಂದು ಕೈಯ ಬೆರಳನ್ನು ಹಾಗೆಯೇ ಚಾಚಿಟ್ಟು, ಇನ್ನೊಂದು ಕೈಯಿಂದ ಶಾಲಿನ ಗಂಟು ಬಿಚ್ಚತೊಡಗಿದರು, ಬಿಚ್ಚುತ್ತಾ ಬಲಗಿವಿಯನ್ನು ನನ್ನ ಕಡೆಗೆ ಕೊಟ್ಟು ಆಲಿಸುತ್ತಾ. ಲವೀನಕ್ಕ ಹಾಕಿದ ಗಂಟು, ಸುಲಭಕ್ಕೆ ಬಿಡುವಂಥದ್ದಲ್ಲ. ಕೆಂಪಿರುವೆಯೊಂದು ನನ್ನ ಕಾಲು ಹತ್ತಿ ಮೀನಖಂಡಕ್ಕೆ ಕಚ್ಚಿತು. ಇನ್ನೊಂದು. ಜೀವಮಾನದಲ್ಲಿ ಒಂದು ಕ್ಷಣ ಸುಮ್ಮನೆ ನಿಂತವನಲ್ಲ ನಾನು. ಎಲೆ ಒಂದೂ ಅಲುಗಲಿಲ್ಲ.

ಶಾಲು ಕೆಳಗೆ ಬಿತ್ತು. ಮಾಷ್ಟ್ರು ತಮ್ಮ ಬೆರಳಿನ ಉದ್ದಕ್ಕೂ ದೃಷ್ಟಿ ಹಾಯಿಸಿ ನನ್ನನ್ನು ನೋಡಿದರು. ನನ್ನ ಕಾಲನ್ನು ನೋಡಿದರು. ಬಗ್ಗಿ ಶಾಲು ಎತ್ತಿ, ಧೂಳು ಕೊಡವಿ, ಮತ್ತೆ ಕಣ್ಣಿಗೆ ಕಟ್ಟಿಕೊಂಡರು.

ನಾನು ಇರುವೆ ತಿಕ್ಕಿಕೊಂಡು ಬಾವಿಯ ಹಿಂದಕ್ಕೆ ಹೋಗಿ ಕೂಗಿದೆ. ಅವರ ಬೆರಳು ಗೇಟಿನ ಕಡೆಗೆ ಹೋಗಿ ಗಟ್ಟಿಯಾಗಿ ನಿಂತಿತು.

“ತಪ್ಪು” ಎಂದೆ.

ಸತ್ಯವಾ ಎಂದು ಅವರು ಕೇಳಲಿಲ್ಲ.